ಸಂಗಾತಿಯೊಡನೆ ವಿದೇಶಕ್ಕೆ: ಕುಶಲ ಉದ್ಯೋಗಿ ವೀಸಾ ಅರ್ಜಿಗೆ ಮುನ್ನ ತಿಳಿದಿರಬೇಕಾದ ಸಂಗತಿಗಳು

ಕೂಟಗಲ್ ಹೋಬಳಿಯೂ ಸೇರಿದಂತೆ ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿ ತಾಲ್ಲೂಕುಗಳ ವಿದ್ಯಾವಂತ ಯುವಕ ಯುವತಿಯರಿಗೆ ಬಿಡದಿಯ ಕಾರ್ಖಾನೆಗಳು, ಬೆಂಗಳೂರಿನ ಕಂಪನಿಗಳು ಮತ್ತು ಆಸ್ಪತ್ರೆಗಳು ಹತ್ತಿರದ ಉದ್ಯೋಗದ ನೆಲೆಗಳು. ಅಲ್ಲಿ ನಾಲ್ಕೈದು ವರ್ಷ ಅನುಭವ ಪಡೆದ ಎಂಜಿನಿಯರ್, ನರ್ಸ್, ಸಾಫ್ಟ್‌ವೇರ್ ಉದ್ಯೋಗಿಗಳು ಹೊರದೇಶದ ಕೆಲಸದತ್ತ ನೋಡುವುದು ಸಹಜ. ಒಬ್ಬರೇ ಹೋಗುವುದಾದರೆ ಕೆಲಸದ ಪತ್ರ ಮತ್ತು ಪದವಿಯ ದಾಖಲೆಗಳಿಂದ ಹೆಚ್ಚಿನ ಕೆಲಸ ಮುಗಿಯುತ್ತದೆ. ಗಂಡ ಅಥವಾ ಹೆಂಡತಿಯನ್ನೂ ಜೊತೆಗೆ ಕರೆದೊಯ್ಯಬೇಕಾದರೆ ಲೆಕ್ಕವೇ ಬೇರೆ. ಮದುವೆಯ ನೋಂದಣಿ, ಹೆಸರಿನ ಹೊಂದಾಣಿಕೆ, ಬ್ಯಾಂಕಿನ ಹಣ, ಆ ದೇಶದಲ್ಲಿ ಸಂಗಾತಿಗೆ ದುಡಿಯುವ ಹಕ್ಕು, ಇವೆಲ್ಲವನ್ನೂ ಮೊದಲೇ ನೋಡಿಕೊಳ್ಳಬೇಕು.

ಈ ಲೇಖನದಲ್ಲಿ ಬ್ರಿಟನ್ನಿನ ‘ಸ್ಕಿಲ್ಡ್ ವರ್ಕರ್’ ವೀಸಾವನ್ನು ವಿವರವಾಗಿ, ಇತರ ದೇಶಗಳ ನಿಯಮವನ್ನು ಹೋಲಿಕೆಗಾಗಿ ಸಂಕ್ಷಿಪ್ತವಾಗಿ ಕೊಡಲಾಗಿದೆ. ಶುಲ್ಕ ಮತ್ತು ಸಂಬಳದ ಮಿತಿಗಳು ವರ್ಷಕ್ಕೊಮ್ಮೆಯಾದರೂ ಬದಲಾಗುತ್ತವೆ. ಆದ್ದರಿಂದ ಪ್ರತಿ ಅಂಕಿಯ ಜೊತೆಗೆ ಅದು ಜಾರಿಗೆ ಬಂದ ಕಾಲವನ್ನೂ ನಮೂದಿಸಿದ್ದೇವೆ. ಅರ್ಜಿ ಹಾಕುವ ದಿನ ಆಯಾ ಸರ್ಕಾರದ ಅಧಿಕೃತ ಜಾಲತಾಣದಲ್ಲಿ ಇನ್ನೊಮ್ಮೆ ನೋಡಿಕೊಳ್ಳುವುದು ಕಡ್ಡಾಯ.

ಬ್ರಿಟನ್ನಿನ ಸ್ಕಿಲ್ಡ್ ವರ್ಕರ್ ವೀಸಾ ಎಂದರೇನು?

2020ರ ಡಿಸೆಂಬರ್ 1ರಂದು ಹಳೆಯ ‘ಟಿಯರ್ 2’ ವೀಸಾದ ಬದಲಿಗೆ ಇದು ಜಾರಿಗೆ ಬಂತು. ಇದು ಅಂಕಗಳ ಪದ್ಧತಿ. ಒಟ್ಟು 70 ಅಂಕ ಬೇಕು. ಪರವಾನಗಿ ಪಡೆದ ಉದ್ಯೋಗದಾತರಿಂದ ಕೆಲಸಕ್ಕೆ 20, ಕೆಲಸದ ಮಟ್ಟಕ್ಕೆ 20, ಇಂಗ್ಲಿಷ್ ಜ್ಞಾನಕ್ಕೆ 10, ಉಳಿದ 20 ಸಂಬಳದ ಲೆಕ್ಕದಲ್ಲಿ ಬರುತ್ತವೆ.

ಉದ್ಯೋಗದಾತರು ‘ಸರ್ಟಿಫಿಕೇಟ್ ಆಫ್ ಸ್ಪಾನ್ಸರ್‌ಶಿಪ್’ ಎಂಬ ವಿದ್ಯುನ್ಮಾನ ದಾಖಲೆಯನ್ನು ನೀಡುತ್ತಾರೆ. ಅದರ ಸಂಖ್ಯೆ ಸಿಕ್ಕ ಮೂರು ತಿಂಗಳೊಳಗೆ ಅರ್ಜಿ ಹಾಕಬೇಕು. ಪರವಾನಗಿ ಇರುವ ಎಲ್ಲ ಉದ್ಯೋಗದಾತರ ಪಟ್ಟಿಯನ್ನು ಬ್ರಿಟನ್ ಸರ್ಕಾರ ತನ್ನ ಜಾಲತಾಣದಲ್ಲಿ ಪ್ರಕಟಿಸುತ್ತದೆ. ಕಂಪನಿಯ ಹೆಸರು ಆ ಪಟ್ಟಿಯಲ್ಲಿ ಇಲ್ಲದಿದ್ದರೆ ಮುಂದಿನ ಮಾತೇ ಇಲ್ಲ.

ಕಳೆದ ಕೆಲವು ವರ್ಷಗಳಲ್ಲಿ ನಿಯಮಗಳು ಬಹಳ ಬಿಗಿಯಾಗಿವೆ.

- ಸಂಬಳದ ಸಾಮಾನ್ಯ ಮಿತಿ 2024ರ ಏಪ್ರಿಲ್ 4ರಿಂದ ವರ್ಷಕ್ಕೆ 38,700 ಪೌಂಡ್ ಆಯಿತು. 2025ರ ಜುಲೈ 22ರಿಂದ ಅದು 41,700 ಪೌಂಡ್. ಆ ಕೆಲಸಕ್ಕೆ ನಿಗದಿಯಾದ ದರ ಇದಕ್ಕಿಂತ ಹೆಚ್ಚಿದ್ದರೆ ಆ ದರವೇ ಅನ್ವಯ.
- 26 ವರ್ಷದೊಳಗಿನವರು ಮತ್ತು ಇತರ ಕೆಲವು ‘ಹೊಸ ಪ್ರವೇಶದವರಿಗೆ’ ಮಿತಿ 33,400 ಪೌಂಡ್.
- 2025ರ ಜುಲೈ 22ರಿಂದ ಸಾಮಾನ್ಯವಾಗಿ ಪದವಿ ಮಟ್ಟದ ಕೆಲಸಗಳಿಗೆ ಮಾತ್ರ ಈ ವೀಸಾ. ಅದಕ್ಕಿಂತ ಕೆಳಗಿನ ಮಟ್ಟದ ಕೆಲವು ಕೆಲಸಗಳು ತಾತ್ಕಾಲಿಕ ಪಟ್ಟಿಯಲ್ಲಿ ಮಾತ್ರ ಉಳಿದಿವೆ.
- 2026ರ ಜನವರಿ 8ರಿಂದ ಹೊಸ ಅರ್ಜಿದಾರರಿಗೆ ಇಂಗ್ಲಿಷ್ ಮಟ್ಟ ಬಿ1ರಿಂದ ಬಿ2ಕ್ಕೆ ಏರಿದೆ.

ಇಂಗ್ಲಿಷ್ ವಿಷಯದಲ್ಲಿ ಒಂದು ಎಚ್ಚರ. ಸಾಮಾನ್ಯ ಐಇಎಲ್‌ಟಿಎಸ್ ಅಂಕಪಟ್ಟಿ ಇದಕ್ಕೆ ನಡೆಯುವುದಿಲ್ಲ. ವೀಸಾಕ್ಕೆಂದೇ ಅಂಗೀಕೃತವಾದ ಪರೀಕ್ಷೆಯನ್ನು, ಅಂದರೆ ‘ಐಇಎಲ್‌ಟಿಎಸ್ ಫಾರ್ ಯುಕೆವಿಐ’ ಅಥವಾ ಅಂಥ ಇನ್ನೊಂದನ್ನು ಬರೆಯಬೇಕು. ಪದವಿಯನ್ನು ಇಂಗ್ಲಿಷ್ ಮಾಧ್ಯಮದಲ್ಲಿ ಓದಿದವರು ‘ಎಕ್ಟಿಸ್’ ಸಂಸ್ಥೆಯಿಂದ ಆ ಬಗ್ಗೆ ದೃಢೀಕರಣ ಪಡೆದರೆ ಪರೀಕ್ಷೆ ಬೇಕಿಲ್ಲ. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ್ದರೂ ತೊಂದರೆಯಿಲ್ಲ. ಲೆಕ್ಕಕ್ಕೆ ಬರುವುದು ಪದವಿಯ ಮಾಧ್ಯಮ.

ಸಂಗಾತಿ ಯಾರು, ಯಾವ ಕೆಲಸಕ್ಕೆ ಸಂಗಾತಿಯ ವೀಸಾ ಸಿಗದು?

ಬ್ರಿಟನ್ನಿನ ನಿಯಮದಲ್ಲಿ ಅವಲಂಬಿತರೆಂದರೆ ಗಂಡ ಅಥವಾ ಹೆಂಡತಿ, ನೋಂದಾಯಿತ ಸಂಗಾತಿ, ಇಲ್ಲವೇ ಕನಿಷ್ಠ ಎರಡು ವರ್ಷ ಸಂಸಾರದಂತೆ ಸಂಬಂಧದಲ್ಲಿರುವ ಅವಿವಾಹಿತ ಸಂಗಾತಿ, ಮತ್ತು 18 ವರ್ಷದೊಳಗಿನ ಮಕ್ಕಳು. ತಂದೆ ತಾಯಿ, ಅತ್ತೆ ಮಾವ ಈ ವೀಸಾದ ಅಡಿ ಬರುವುದಿಲ್ಲ. ಅವಿವಾಹಿತ ಸಂಗಾತಿಯ ಸಂಬಂಧವನ್ನು ಒಂದೇ ಮನೆಯ ಬಾಡಿಗೆ ಕರಾರು, ಜಂಟಿ ಖಾತೆಯಂಥ ಕಾಗದಗಳಿಂದ ತೋರಿಸಬೇಕಾಗುತ್ತದೆ. ನಮ್ಮ ಕಡೆ ಅಂಥ ಕಾಗದಗಳನ್ನು ಒಟ್ಟುಗೂಡಿಸುವುದು ಸುಲಭವಲ್ಲ.

ಬಹುಮುಖ್ಯವಾದ ಸಂಗತಿ ಇದು: ಎಲ್ಲ ಕೆಲಸಕ್ಕೂ ಸಂಗಾತಿಯ ವೀಸಾ ಸಿಗುವುದಿಲ್ಲ. ವೃದ್ಧರ, ರೋಗಿಗಳ ಆರೈಕೆಯ ‘ಕೇರ್ ವರ್ಕರ್’ ಕೆಲಸಕ್ಕೆ ಹೋಗುವವರು ಕುಟುಂಬವನ್ನು ಕರೆತರುವಂತಿಲ್ಲ ಎಂಬ ನಿಯಮ 2024ರ ಮಾರ್ಚ್ 11ರಿಂದ ಬಂತು. 2025ರ ಜುಲೈ 22ರಿಂದ ಆ ಕೆಲಸಕ್ಕೆ ಹೊರದೇಶದಿಂದ ಹೊಸ ನೇಮಕವೇ ನಿಂತಿದೆ. ಅದೇ ದಿನದಿಂದ, ಪದವಿ ಮಟ್ಟಕ್ಕಿಂತ ಕೆಳಗಿದ್ದು ತಾತ್ಕಾಲಿಕ ಪಟ್ಟಿಯಲ್ಲಿ ಉಳಿದಿರುವ ಕೆಲಸಗಳಿಗೆ ಹೊಸದಾಗಿ ಹೋಗುವವರಿಗೂ ಅವಲಂಬಿತರ ವೀಸಾ ಇಲ್ಲ.

ಆದ್ದರಿಂದ ನೇಮಕ ಪತ್ರ ಕೈಸೇರಿದ ಕೂಡಲೇ ಕೇಳಬೇಕಾದ ಮೊದಲ ಪ್ರಶ್ನೆ: ಈ ಕೆಲಸದ ನಾಲ್ಕು ಅಂಕಿಯ ಉದ್ಯೋಗ ಸಂಕೇತ ಯಾವುದು, ಅದು ಪದವಿ ಮಟ್ಟದ್ದೇ? ಸಂಬಳ ಎಷ್ಟೆಂಬ ಪ್ರಶ್ನೆ ಆಮೇಲೆ. ಒಂದೇ ಕಂಪನಿಯಲ್ಲಿ ಎಂಜಿನಿಯರ್ ಸಂಕೇತದಲ್ಲಿ ಹೋದವರು ಹೆಂಡತಿ ಮಕ್ಕಳೊಡನೆ ಇರಬಹುದು, ತಂತ್ರಜ್ಞ ಸಂಕೇತದಲ್ಲಿ ಹೋದವರು ಒಂಟಿಯಾಗಿ ಉಳಿಯಬೇಕಾಗಬಹುದು.

ಇಬ್ಬರಿಗೆ ಖರ್ಚು ಎಷ್ಟು?

2025ರ ಏಪ್ರಿಲ್ 9ರ ಶುಲ್ಕಪಟ್ಟಿಯಂತೆ, ಹೊರದೇಶದಿಂದ ಹಾಕುವ ಅರ್ಜಿಗೆ ಮೂರು ವರ್ಷದವರೆಗೆ ತಲಾ 769 ಪೌಂಡ್, ಮೂರು ವರ್ಷಕ್ಕಿಂತ ಹೆಚ್ಚಿನ ಅವಧಿಗೆ ತಲಾ 1,519 ಪೌಂಡ್. ಸಂಗಾತಿಗೂ ಅಷ್ಟೇ. ಇದರ ಜೊತೆಗೆ ಆರೋಗ್ಯ ಸೇವೆಯ ಸರ್ಚಾರ್ಜ್ ಇದೆ: 2024ರ ಫೆಬ್ರವರಿ 6ರಿಂದ ವಯಸ್ಕರಿಗೆ ವರ್ಷಕ್ಕೆ 1,035 ಪೌಂಡ್, 18ರೊಳಗಿನವರಿಗೆ 776 ಪೌಂಡ್. ವೀಸಾದ ಪೂರ್ಣ ಅವಧಿಯ ಸರ್ಚಾರ್ಜನ್ನು ಅರ್ಜಿಯ ಜೊತೆಯಲ್ಲೇ ಒಟ್ಟಾಗಿ ಕಟ್ಟಬೇಕು.

ಮಕ್ಕಳಿಲ್ಲದ ದಂಪತಿಯ ಲೆಕ್ಕ, ಪೌಂಡಿಗೆ 115 ರೂಪಾಯಿಯಂತೆ:

- ಮೂರು ವರ್ಷಕ್ಕೆ: ವೀಸಾ ಶುಲ್ಕ 1,538 ಪೌಂಡ್, ಸರ್ಚಾರ್ಜ್ 6,210 ಪೌಂಡ್, ಒಟ್ಟು 7,748 ಪೌಂಡ್, ಸುಮಾರು 8.91 ಲಕ್ಷ ರೂಪಾಯಿ.
- ಐದು ವರ್ಷಕ್ಕೆ: ವೀಸಾ ಶುಲ್ಕ 3,038 ಪೌಂಡ್, ಸರ್ಚಾರ್ಜ್ 10,350 ಪೌಂಡ್, ಒಟ್ಟು 13,388 ಪೌಂಡ್, ಸುಮಾರು 15.4 ಲಕ್ಷ ರೂಪಾಯಿ.

ಇದು ವಿಮಾನದ ಟಿಕೆಟ್, ಅಲ್ಲಿನ ಮನೆಯ ಮುಂಗಡ ಬಿಟ್ಟು. ಕೆಲವು ಕಂಪನಿಗಳು ಉದ್ಯೋಗಿಯ ಖರ್ಚು ಭರಿಸುತ್ತವೆ, ಸಂಗಾತಿಯದನ್ನು ಭರಿಸುವುದಿಲ್ಲ. ಎರಡನ್ನೂ ಬರಹದಲ್ಲಿ ಕೇಳಿ ತಿಳಿದುಕೊಳ್ಳಬೇಕು. ವೀಸಾ ತಿರಸ್ಕೃತವಾದರೆ ಸರ್ಚಾರ್ಜ್ ಹಿಂದಿರುಗುತ್ತದೆ, ವೀಸಾ ಶುಲ್ಕ ಹಿಂದಿರುಗುವುದಿಲ್ಲ.

ಖಾತೆಯಲ್ಲಿ ತೋರಿಸಬೇಕಾದ ಹಣ

ಉದ್ಯೋಗಿಗೆ 1,270 ಪೌಂಡ್, ಸಂಗಾತಿಗೆ 285, ಮೊದಲ ಮಗುವಿಗೆ 315, ನಂತರದ ಪ್ರತಿ ಮಗುವಿಗೆ 200 ಪೌಂಡ್ ಬ್ಯಾಂಕಿನಲ್ಲಿ ಸತತ 28 ದಿನ ಇರಬೇಕು. ಆ 28 ದಿನಗಳ ಕೊನೆಯ ದಿನ ಅರ್ಜಿಯ ದಿನಕ್ಕಿಂತ 31 ದಿನಗಳೊಳಗೆ ಬರಬೇಕು. ನಡುವೆ ಒಂದೇ ಒಂದು ದಿನ ಮೊತ್ತ ಕಡಿಮೆಯಾದರೂ ಎಣಿಕೆ ಹೊಸದಾಗಿ ಶುರು. ‘ಎ’ ದರ್ಜೆಯ ಉದ್ಯೋಗದಾತರು ಮೊದಲ ತಿಂಗಳ ನಿರ್ವಹಣೆಯ ಹೊಣೆ ಹೊರುವುದಾಗಿ ಸ್ಪಾನ್ಸರ್‌ಶಿಪ್ ದಾಖಲೆಯಲ್ಲೇ ಬರೆದಿದ್ದರೆ ಈ ಹಣ ತೋರಿಸಬೇಕಿಲ್ಲ. ಆ ಹೊಣೆ ಸಂಗಾತಿಗೂ ಅನ್ವಯಿಸುವಂತೆ ಬರೆದಿದ್ದಾರೆಯೇ ಎಂದು ನೋಡಿಕೊಳ್ಳಿ.

ಹೊಲ, ಮನೆ, ಒಡವೆ, ಚೀಟಿಯ ಹಣ ಇದಕ್ಕೆ ಲೆಕ್ಕವಿಲ್ಲ. ಊರಿನ ಪತ್ತಿನ ಸಹಕಾರ ಸಂಘದಲ್ಲಿಟ್ಟ ಠೇವಣಿಯನ್ನು ನಂಬಿ ಅರ್ಜಿ ಹಾಕುವುದೂ ಸರಿಯಲ್ಲ. ಖಾತೆ ನಿಯಂತ್ರಣಕ್ಕೆ ಒಳಪಟ್ಟ, ವಿದ್ಯುನ್ಮಾನ ದಾಖಲೆ ಇಡುವ ಹಣಕಾಸು ಸಂಸ್ಥೆಯಲ್ಲಿರಬೇಕು. ಮೊದಲೇ ಆ ಹಣವನ್ನು ಬ್ಯಾಂಕಿನ ಉಳಿತಾಯ ಖಾತೆಗೆ ತಂದು ತಿಂಗಳೊಂದು ಮುಟ್ಟದೆ ಇಡುವುದು ಒಳ್ಳೆಯದು.

ಮದುವೆಯ ನೋಂದಣಿ

ಬಸದಿಯಲ್ಲಿ ಅಥವಾ ಕಲ್ಯಾಣ ಮಂಟಪದಲ್ಲಿ ಶಾಸ್ತ್ರೋಕ್ತವಾಗಿ ಮದುವೆಯಾದರೂ ವೀಸಾ ಅಧಿಕಾರಿಗೆ ಬೇಕಾದದ್ದು ಸರ್ಕಾರದ ಪ್ರಮಾಣಪತ್ರ. 1955ರ ಹಿಂದೂ ವಿವಾಹ ಕಾಯ್ದೆಯ 2ನೆಯ ಕಲಮು ಜೈನರು, ಬೌದ್ಧರು ಮತ್ತು ಸಿಖ್ಖರನ್ನೂ ಸ್ಪಷ್ಟವಾಗಿ ಒಳಗೊಳ್ಳುತ್ತದೆ. 2014ರ ಜನವರಿಯಲ್ಲಿ ಜೈನರಿಗೆ ರಾಷ್ಟ್ರೀಯ ಅಲ್ಪಸಂಖ್ಯಾತ ಸಮುದಾಯದ ಮಾನ್ಯತೆ ಸಿಕ್ಕಿದ್ದರಿಂದ ಈ ವಿಷಯದಲ್ಲಿ ಯಾವ ಬದಲಾವಣೆಯೂ ಆಗಿಲ್ಲ. ಪ್ರಮಾಣಪತ್ರದ ಮೇಲೆ ‘ಹಿಂದೂ ವಿವಾಹ’ ಎಂದಿರುವುದನ್ನು ಕಂಡು ಗೊಂದಲಪಡಬೇಕಿಲ್ಲ. ಅದು ಕಾಯ್ದೆಯ ಹೆಸರು.

ವಿವಾಹಗಳ ನೋಂದಣಿ ಕಡ್ಡಾಯವಾಗಬೇಕೆಂದು ಸುಪ್ರೀಂ ಕೋರ್ಟ್ 2006ರಲ್ಲಿ ರಾಜ್ಯಗಳಿಗೆ ಸೂಚಿಸಿತು. ಕರ್ನಾಟಕದಲ್ಲಿ ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ನೋಂದಣಿ ನಡೆಯುತ್ತದೆ, ಅರ್ಜಿಯನ್ನು ಕಾವೇರಿ ಜಾಲತಾಣದ ಮೂಲಕ ಹಾಕಬಹುದು. ಇಬ್ಬರ ವಯಸ್ಸಿನ ಮತ್ತು ವಿಳಾಸದ ದಾಖಲೆ, ಲಗ್ನಪತ್ರಿಕೆ, ಮದುವೆಯ ಫೋಟೊ ಮತ್ತು ಮೂವರು ಸಾಕ್ಷಿಗಳು ಬೇಕು. ಮದುವೆ ನಡೆದ ಸ್ಥಳದ ಅಥವಾ ಗಂಡ ಹೆಂಡಿರಲ್ಲಿ ಒಬ್ಬರ ವಾಸಸ್ಥಳದ ವ್ಯಾಪ್ತಿಯ ಕಚೇರಿಯಲ್ಲಿ ಮಾಡಿಸಬಹುದು. ಅಂತರಧರ್ಮೀಯ ಮದುವೆಯಾದರೆ 1954ರ ವಿಶೇಷ ವಿವಾಹ ಕಾಯ್ದೆ ಅನ್ವಯ. ಅದರಲ್ಲಿ 30 ದಿನಗಳ ನೋಟಿಸ್ ಅವಧಿ ಇರುವುದರಿಂದ ಆ ದಿನಗಳನ್ನೂ ಎಣಿಸಿಕೊಳ್ಳಬೇಕು.

ಇಲ್ಲಿ ಕುಟುಂಬಗಳು ತಿಳಿಯಲೇಬೇಕಾದ ಒಂದು ತೀರ್ಪಿದೆ. ನಿಶ್ಚಿತಾರ್ಥವಾದ ಮೇಲೆ ‘ವೀಸಾಕ್ಕೆ ಬೇಕು’ ಎಂದು ಮೊದಲು ನೋಂದಣಿ ಮಾಡಿಸಿ, ಮದುವೆಯನ್ನು ಆರು ತಿಂಗಳ ನಂತರ ಇಟ್ಟುಕೊಳ್ಳುವ ರೂಢಿ ಹಲವೆಡೆ ಇದೆ. 2024ರ ಏಪ್ರಿಲ್ 19ರಂದು ಸುಪ್ರೀಂ ಕೋರ್ಟಿನಲ್ಲಿ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಮತ್ತು ನ್ಯಾಯಮೂರ್ತಿ ಆಗಸ್ಟೀನ್ ಜಾರ್ಜ್ ಮಸೀಹ್ ಅವರ ಪೀಠ ಇಂಥದೇ ಪ್ರಶ್ನೆಯನ್ನು ನಿರ್ಣಯಿಸಿತು. ಪದ್ಧತಿಯಂತೆ ವಿವಾಹ ವಿಧಿ ನಡೆಯದೆ ಬರೀ ನೋಂದಣಿಯಿಂದ ಈ ಕಾಯ್ದೆಯಡಿ ಮದುವೆ ಆಗುವುದಿಲ್ಲ, ನೋಂದಣಿ ನಡೆದ ಮದುವೆಗೆ ಸಾಕ್ಷಿ ಮಾತ್ರ ಎಂದು ಹೇಳಿತು. ವಿದೇಶದ ವೀಸಾಕ್ಕಾಗಿ ಹೀಗೆ ಮಾಡುವುದನ್ನೂ ಪೀಠ ಪ್ರಸ್ತಾಪಿಸಿತು. ಕಾಯ್ದೆಯ 7ನೆಯ ಕಲಮು ವಧು ಅಥವಾ ವರನ ಕಡೆಯ ರೂಢಿಯ ವಿಧಿಗಳನ್ನು ಒಪ್ಪುತ್ತದೆ. ಹಾಗಾಗಿ ನಮ್ಮ ಪದ್ಧತಿಯ ಮದುವೆ ಮೊದಲು, ನೋಂದಣಿ ಆಮೇಲೆ. ಅವಸರವಿದ್ದರೆ ಸರಳವಾಗಿ ವಿಧಿ ನಡೆಸಿ, ಆರತಕ್ಷತೆಯನ್ನು ನಂತರ ಇಟ್ಟುಕೊಳ್ಳಬಹುದು. ಕ್ರಮ ತಪ್ಪಿದರೆ ವೀಸಾಕ್ಕಿಂತ ದೊಡ್ಡ ತೊಡಕು ಮುಂದೆ ಹೆಣ್ಣುಮಗಳಿಗೆ ಎದುರಾಗುತ್ತದೆ: ಜೀವನಾಂಶ, ಆಸ್ತಿ, ಪತ್ನಿಯ ಸ್ಥಾನ ಎಲ್ಲವೂ ಪ್ರಶ್ನೆಗೆ ಒಳಗಾಗುತ್ತವೆ.

ಊರು ಒಂದೇ, ಜಿಲ್ಲೆಯ ಹೆಸರು ನಾಲ್ಕು

ನಮ್ಮ ಭಾಗದವರಿಗೇ ವಿಶೇಷವಾದ ತೊಡಕೊಂದಿದೆ. ರಾಮನಗರ ತಾಲ್ಲೂಕು 1986ರವರೆಗೆ ಬೆಂಗಳೂರು ಜಿಲ್ಲೆಯಲ್ಲಿತ್ತು. ಆ ವರ್ಷ ಬೆಂಗಳೂರು ಗ್ರಾಮಾಂತರ ಜಿಲ್ಲೆಯಾಯಿತು. 2007ರ ಆಗಸ್ಟ್‌ನಲ್ಲಿ ರಾಮನಗರ ಪ್ರತ್ಯೇಕ ಜಿಲ್ಲೆಯಾಯಿತು. 2025ರ ಮೇ 22ರಂದು ರಾಜ್ಯ ಸಚಿವ ಸಂಪುಟ ಅದಕ್ಕೆ ಬೆಂಗಳೂರು ದಕ್ಷಿಣ ಜಿಲ್ಲೆ ಎಂದು ಹೆಸರಿಡಲು ತೀರ್ಮಾನಿಸಿತು.

ಪರಿಣಾಮವಾಗಿ 1984ರಲ್ಲಿ ಕೂಟಗಲ್‌ನಲ್ಲಿ ಹುಟ್ಟಿದವರ ಜನನ ಪತ್ರದಲ್ಲಿ ‘ಬೆಂಗಳೂರು ಜಿಲ್ಲೆ’, 1992ರಲ್ಲಿ ಹುಟ್ಟಿದ ಅವರ ಸಂಗಾತಿಯ ಪತ್ರದಲ್ಲಿ ‘ಬೆಂಗಳೂರು ಗ್ರಾಮಾಂತರ’, ಇಬ್ಬರ ಪಾಸ್‌ಪೋರ್ಟಿನಲ್ಲಿ ‘ರಾಮನಗರ’, ಹೊಸದಾಗಿ ಮಾಡಿಸಿದ ಮದುವೆಯ ಪ್ರಮಾಣಪತ್ರದಲ್ಲಿ ‘ಬೆಂಗಳೂರು ದಕ್ಷಿಣ’ ಎಂದು ಇರಬಹುದು. ಊರಿನ ಹೆಸರನ್ನೂ ಇಂಗ್ಲಿಷಿನಲ್ಲಿ ಒಬ್ಬರು ಒಂದು ‘ಯು’ ಹಾಕಿ, ಇನ್ನೊಬ್ಬರು ಎರಡು ‘ಓ’ ಹಾಕಿ, ಮತ್ತೊಬ್ಬರು ಕೊನೆಗೆ ‘ಲು’ ಸೇರಿಸಿ ಬರೆದಿರುತ್ತಾರೆ. ಲಂಡನ್ನಿನಲ್ಲೋ ಒಟ್ಟಾವಾದಲ್ಲೋ ಕುಳಿತು ಕಡತ ನೋಡುವವರಿಗೆ ಇವು ನಾಲ್ಕು ಬೇರೆ ಊರುಗಳಂತೆ ಕಾಣಬಹುದು.

ಪರಿಹಾರ ಕಷ್ಟವಲ್ಲ. ಅರ್ಜಿಯಲ್ಲಿ ಹುಟ್ಟಿದ ಸ್ಥಳವನ್ನು ಪಾಸ್‌ಪೋರ್ಟಿನಲ್ಲಿ ಇದ್ದಂತೆಯೇ, ಅಕ್ಷರ ಬದಲಿಸದೆ ಬರೆಯಿರಿ. ಜಿಲ್ಲೆಯ ಹೆಸರು ಯಾವ ವರ್ಷ ಹೇಗೆ ಬದಲಾಯಿತೆಂಬ ಅರ್ಧ ಪುಟದ ವಿವರಣೆಯನ್ನು ಸಹಿ ಹಾಕಿ ಕಡತದಲ್ಲಿ ಸೇರಿಸಿ. ಹೆಸರು ಬದಲಾಯಿತೆಂಬ ಒಂದೇ ಕಾರಣಕ್ಕೆ ಹಳೆಯ ಪ್ರಮಾಣಪತ್ರಗಳನ್ನು ತಿದ್ದಿಸುವ ಅಗತ್ಯವಿಲ್ಲ. ಅವು ಕೊಟ್ಟ ದಿನದಂದು ಸರಿಯಾಗಿಯೇ ಇದ್ದವು.

ವ್ಯಕ್ತಿಯ ಹೆಸರಿನ ಹೊಂದಾಣಿಕೆ

ಹಳೆ ಮೈಸೂರು ಭಾಗದಲ್ಲಿ ಕುಲನಾಮ ಬಳಸುವ ರೂಢಿ ಕಡಿಮೆ. ಅಂಕಪಟ್ಟಿಯಲ್ಲಿ ತಂದೆಯ ಹೆಸರಿನ ಅಥವಾ ಊರಿನ ಮೊದಲಕ್ಷರ, ಆಧಾರ್‌ನಲ್ಲಿ ಬರೀ ಹೆಸರು, ಪಾಸ್‌ಪೋರ್ಟಿನಲ್ಲಿ ಕೊನೆಗೆ ‘ಜೈನ್’ ಎಂದು ಸೇರಿಸಿರುವುದು ನಮ್ಮ ಸಮಾಜದಲ್ಲಿ ಸಾಮಾನ್ಯ. ವೀಸಾಕ್ಕೆ ಆಧಾರ ಪಾಸ್‌ಪೋರ್ಟ್. ಸ್ಪಾನ್ಸರ್‌ಶಿಪ್ ದಾಖಲೆ, ಮದುವೆಯ ಪ್ರಮಾಣಪತ್ರ, ಇಂಗ್ಲಿಷ್ ಪರೀಕ್ಷೆ, ಬ್ಯಾಂಕಿನ ಹೇಳಿಕೆ ಎಲ್ಲದರಲ್ಲೂ ಪಾಸ್‌ಪೋರ್ಟಿನ ಹೆಸರೇ ಇರುವಂತೆ ನೋಡಿಕೊಳ್ಳಿ. ಅಂಕಪಟ್ಟಿಯಲ್ಲಿ ಮೊದಲಕ್ಷರ ಮಾತ್ರ ಇದ್ದರೆ, ಎರಡೂ ಹೆಸರು ಒಬ್ಬರದೇ ಎಂಬ ಪ್ರಮಾಣಪತ್ರವನ್ನು ನೋಟರಿಯಿಂದ ಮಾಡಿಸಿಡಿ.

ಮದುವೆಯಾದ ಮೇಲೆ ಹೆಣ್ಣುಮಗಳು ಗಂಡನ ಹೆಸರು ಸೇರಿಸಿಕೊಳ್ಳಲೇಬೇಕೆಂಬ ಕಾನೂನು ಇಲ್ಲ, ವೀಸಾಕ್ಕೂ ಅದು ಬೇಕಿಲ್ಲ. ತವರಿನ ಹೆಸರಿನಲ್ಲೇ ಪದವಿ, ಪಾಸ್‌ಪೋರ್ಟ್, ಕೆಲಸದ ಅನುಭವ ಎಲ್ಲ ಇದ್ದರೆ ಹಾಗೆಯೇ ಬಿಡುವುದು ಅನುಕೂಲ. ಬದಲಿಸುವುದಾದರೆ ಅರ್ಜಿಗೆ ಮೊದಲೇ ಎಲ್ಲೆಡೆ ಬದಲಿಸಿ, ಅರ್ಧಕ್ಕೆ ಬಿಡಬೇಡಿ.

ಕನ್ನಡದಲ್ಲಿ ಮಾತ್ರ ಇರುವ ದಾಖಲೆಗೆ ಇಂಗ್ಲಿಷ್ ಅನುವಾದ ಬೇಕು. ಅನುವಾದಕರ ಹೆಸರು, ಸಹಿ, ದಿನಾಂಕ, ಸಂಪರ್ಕ ವಿವರ ಮತ್ತು ‘ಮೂಲಕ್ಕೆ ನಿಷ್ಠವಾಗಿದೆ’ ಎಂಬ ಹೇಳಿಕೆ ಅದರಲ್ಲಿರಬೇಕು. ಮಕ್ಕಳಿದ್ದರೆ ತಂದೆ ತಾಯಿ ಇಬ್ಬರ ಹೆಸರೂ ಇರುವ ಜನನ ಪ್ರಮಾಣಪತ್ರ ಬೇಕು.

ಟಿಬಿ ತಪಾಸಣೆ, ಪೊಲೀಸ್ ಪತ್ರ, ಅಪೊಸ್ಟಿಲ್

ಭಾರತದಿಂದ ಆರು ತಿಂಗಳಿಗಿಂತ ಹೆಚ್ಚು ಕಾಲ ಬ್ರಿಟನ್ನಿಗೆ ಹೋಗುವವರೆಲ್ಲ ಕ್ಷಯರೋಗದ ತಪಾಸಣೆಯ ಪತ್ರ ಒದಗಿಸಬೇಕು. ಅದು ಬ್ರಿಟನ್ ಅಂಗೀಕರಿಸಿದ ಕೇಂದ್ರದಿಂದಲೇ ಆಗಬೇಕು. ತಾಲ್ಲೂಕು ಆಸ್ಪತ್ರೆಯ ವರದಿ ನಡೆಯುವುದಿಲ್ಲ. ಪತ್ರಕ್ಕೆ ಆರು ತಿಂಗಳ ಮಾನ್ಯತೆ. ಸಂಗಾತಿಗೂ ಪ್ರತ್ಯೇಕ ಪತ್ರ ಬೇಕು. ಗರ್ಭಿಣಿಯರು ಎಕ್ಸ್‌ರೇಗೆ ಮುನ್ನ ಕೇಂದ್ರದವರಿಗೆ ತಿಳಿಸಬೇಕು.

ಪೊಲೀಸ್ ಕ್ಲಿಯರೆನ್ಸ್ ಪತ್ರ ಬ್ರಿಟನ್ನಿನ ಎಲ್ಲ ಅರ್ಜಿಗೂ ಬೇಕಿಲ್ಲ. ಆರೋಗ್ಯ, ಶಿಕ್ಷಣ, ಸಮಾಜಸೇವೆಯ ಕೆಲಸಗಳಿಗೆ ಬೇಕು. ಆ ಕೆಲಸಕ್ಕೆ ಹೋಗುವವರ ಸಂಗಾತಿಯೂ ಕೊಡಬೇಕಾಗುತ್ತದೆ. ಕೆನಡಾ, ಆಸ್ಟ್ರೇಲಿಯಾ ಕಾಯಂ ವಾಸಕ್ಕೆ ಇಬ್ಬರಿಗೂ ಬೇಕೇಬೇಕು. ಪಾಸ್‌ಪೋರ್ಟ್ ಸೇವಾ ಜಾಲತಾಣದಲ್ಲಿ ಅರ್ಜಿ ಹಾಕಿ ಪಡೆಯಬಹುದು.

ಕೆಲವು ದೇಶಗಳು ಮದುವೆ ಮತ್ತು ಪದವಿಯ ದಾಖಲೆಗೆ ‘ಅಪೊಸ್ಟಿಲ್’ ಮುದ್ರೆ ಕೇಳುತ್ತವೆ. ಭಾರತ 2005ರಲ್ಲಿ ಈ ಒಪ್ಪಂದಕ್ಕೆ ಸೇರಿತು. ಮೊದಲು ರಾಜ್ಯ ಸರ್ಕಾರದ ದೃಢೀಕರಣ, ನಂತರ ವಿದೇಶಾಂಗ ಸಚಿವಾಲಯದ ಮುದ್ರೆ ಎಂಬುದು ಸಾಮಾನ್ಯ ಕ್ರಮ. ಬೆರಳಚ್ಚು ಮತ್ತು ಫೋಟೊ ಕೊಡಲು ಬೆಂಗಳೂರಿನ ವೀಸಾ ಅರ್ಜಿ ಕೇಂದ್ರಕ್ಕೆ ಇಬ್ಬರೂ ಖುದ್ದಾಗಿ ಹೋಗಬೇಕು.

ಇತರ ದೇಶಗಳಲ್ಲಿ ಸಂಗಾತಿಯ ಸ್ಥಾನ

*ಜರ್ಮನಿ:* ಪದವೀಧರರಿಗೆ ‘ಬ್ಲೂ ಕಾರ್ಡ್’ ಇದೆ. 2025ರಲ್ಲಿ ಸಂಬಳದ ಮಿತಿ ವರ್ಷಕ್ಕೆ 48,300 ಯೂರೊ, ಕೊರತೆಯಿರುವ ವೃತ್ತಿಗಳಿಗೆ ಮತ್ತು ಹೊಸ ಪದವೀಧರರಿಗೆ 43,759.80 ಯೂರೊ; ಪ್ರತಿ ಜನವರಿಯಲ್ಲಿ ಇದು ಬದಲಾಗುತ್ತದೆ. ಬ್ಲೂ ಕಾರ್ಡ್ ಪಡೆದವರ ಸಂಗಾತಿ ಮೊದಲೇ ಜರ್ಮನ್ ಪರೀಕ್ಷೆ ಪಾಸಾಗಬೇಕಿಲ್ಲ, ಅಲ್ಲಿ ಯಾವ ಕೆಲಸವನ್ನಾದರೂ ಮಾಡಬಹುದು. ಜರ್ಮನಿಯ ಮಹಾದೂತಾವಾಸ ಬೆಂಗಳೂರಿನಲ್ಲೇ ಇದೆ.

*ಕೆನಡಾ:* 2015ರ ಜನವರಿಯಲ್ಲಿ ಶುರುವಾದ ‘ಎಕ್ಸ್‌ಪ್ರೆಸ್ ಎಂಟ್ರಿ’ಯಲ್ಲಿ ಸಂಗಾತಿಯ ಶಿಕ್ಷಣಕ್ಕೆ 10, ಭಾಷೆಗೆ 20, ಕೆನಡಾದ ಅನುಭವಕ್ಕೆ 10, ಹೀಗೆ ಗರಿಷ್ಠ 40 ಅಂಕಗಳಿವೆ. 2025ರ ಮಾರ್ಚ್ 25ರಿಂದ ಕೆಲಸದ ಕರೆಗೆ ಕೊಡುತ್ತಿದ್ದ ಅಂಕಗಳನ್ನು ತೆಗೆದುಹಾಕಲಾಗಿದೆ.

*ಆಸ್ಟ್ರೇಲಿಯಾ:* ಅಂಕ ಪದ್ಧತಿಯ ವೀಸಾಕ್ಕೆ 45 ವರ್ಷದೊಳಗಿರಬೇಕು, ಕನಿಷ್ಠ 65 ಅಂಕ ಬೇಕು. ಸಂಗಾತಿಗೂ ಪಟ್ಟಿಯಲ್ಲಿರುವ ವೃತ್ತಿಯ ಕೌಶಲ ಮೌಲ್ಯಮಾಪನ, ವಯಸ್ಸು ಮತ್ತು ಇಂಗ್ಲಿಷ್ ಅರ್ಹತೆ ಇದ್ದರೆ 10 ಅಂಕ, ಇಂಗ್ಲಿಷ್ ಮಾತ್ರ ಇದ್ದರೆ 5.

*ಅಮೆರಿಕ:* ಎಚ್-1ಬಿ ವೀಸಾ ವರ್ಷಕ್ಕೆ 85,000ಕ್ಕೆ ಸೀಮಿತ, ಲಾಟರಿ ಇದೆ. 2025ರ ಸೆಪ್ಟೆಂಬರ್ 21ರಿಂದ ಹೊರದೇಶದಲ್ಲಿರುವವರ ಹೊಸ ಅರ್ಜಿಗೆ 1 ಲಕ್ಷ ಡಾಲರ್ ಪಾವತಿಯ ಆದೇಶ ಬಂದಿದೆ. ಸಂಗಾತಿಗೆ ಎಚ್-4 ವೀಸಾ. ಅದರಲ್ಲಿ ತಾನಾಗಿ ಕೆಲಸದ ಹಕ್ಕಿಲ್ಲ. ಗ್ರೀನ್ ಕಾರ್ಡಿನ ಒಂದು ಹಂತ ದಾಟಿದವರ ಸಂಗಾತಿಗಳಿಗೆ ಮಾತ್ರ 2015ರಿಂದ ಅನುಮತಿ ಸಿಗುತ್ತಿದೆ.

*ಯುಎಇ:* ತಿಂಗಳಿಗೆ 4,000 ದಿರ್ಹಮ್, ಅಥವಾ 3,000 ದಿರ್ಹಮ್ ಮತ್ತು ವಸತಿ ಇದ್ದವರು ಕುಟುಂಬವನ್ನು ಕರೆಸಿಕೊಳ್ಳಬಹುದು. ಮದುವೆಯ ಪ್ರಮಾಣಪತ್ರಕ್ಕೆ ಆ ದೇಶದ ದೂತಾವಾಸದ ದೃಢೀಕರಣ ಬೇಕು.

*ಜಪಾನ್:* ‘ನಿರ್ದಿಷ್ಟ ಕುಶಲ ಕೆಲಸಗಾರ’ ಯೋಜನೆಯ ಮೊದಲ ವರ್ಗದಲ್ಲಿ ಹೋದವರು ಕುಟುಂಬವನ್ನು ಕರೆದೊಯ್ಯುವಂತಿಲ್ಲ. ಎರಡನೆಯ ವರ್ಗಕ್ಕೆ ಏರಿದ ಮೇಲೆ ಸಾಧ್ಯ.

ಇಬ್ಬರಲ್ಲಿ ಮುಖ್ಯ ಅರ್ಜಿದಾರರು ಯಾರು?

ನಮ್ಮ ಮನೆಗಳಲ್ಲಿ ಗಂಡನ ಹೆಸರಿನಲ್ಲಿ ಅರ್ಜಿ, ಹೆಂಡತಿ ಅವಲಂಬಿತೆ ಎಂದು ಯೋಚಿಸದೆಯೇ ತೀರ್ಮಾನವಾಗುತ್ತದೆ. ಕಾನೂನು ಹಾಗೆ ಹೇಳುವುದಿಲ್ಲ. ಹೆಂಡತಿ ಬಿಎಸ್ಸಿ ನರ್ಸಿಂಗ್ ಮಾಡಿ ಐದು ವರ್ಷ ಅನುಭವ ಪಡೆದಿದ್ದು, ಗಂಡ ಡಿಪ್ಲೊಮಾ ಮುಗಿಸಿ ಕಾರ್ಖಾನೆಯಲ್ಲಿ ತಂತ್ರಜ್ಞನಾಗಿದ್ದರೆ, ಪದವಿ ಮಟ್ಟದ ಕೆಲಸದ ನಿಯಮದಂತೆ ದಾರಿ ತೆರೆದಿರುವುದು ಹೆಂಡತಿಗೆ. ಗಂಡ ಅವಲಂಬಿತನಾಗಿ ಹೋಗಿ ಅಲ್ಲಿ ಕೆಲಸ ಹುಡುಕಬಹುದು. ಕೆನಡಾ, ಆಸ್ಟ್ರೇಲಿಯಾದ ಅಂಕಗಳನ್ನು ಇಬ್ಬರನ್ನೂ ಮುಖ್ಯ ಅರ್ಜಿದಾರರೆಂದು ಇಟ್ಟು ಎರಡು ಸಲ ಲೆಕ್ಕ ಹಾಕಿ, ಹೆಚ್ಚು ಬಂದದ್ದನ್ನು ಆರಿಸಿಕೊಳ್ಳಿ.

ಅಲ್ಲಿಗೆ ಹೋದ ಮೇಲೆ ಸಂಗಾತಿಯ ಹಕ್ಕು

ಬ್ರಿಟನ್ನಿನಲ್ಲಿ ಸಂಗಾತಿ ಬಹುತೇಕ ಯಾವ ಕೆಲಸವನ್ನಾದರೂ ಮಾಡಬಹುದು, ಓದಬಹುದು. ಆದರೆ ಅವರ ವೀಸಾ ಮುಖ್ಯ ಉದ್ಯೋಗಿಯ ವೀಸಾಕ್ಕೆ ಕಟ್ಟಿಕೊಂಡಿರುತ್ತದೆ. ಉದ್ಯೋಗಿಯ ಕೆಲಸ ಹೋದರೆ ಸಾಮಾನ್ಯವಾಗಿ 60 ದಿನಗಳಿಗೆ ವೀಸಾ ಮೊಟಕಾಗುತ್ತದೆ. ಅಷ್ಟರಲ್ಲಿ ಪರವಾನಗಿಯುಳ್ಳ ಬೇರೆ ಉದ್ಯೋಗದಾತರು ಸಿಗಬೇಕು, ಇಲ್ಲವೇ ಇಬ್ಬರೂ ಹಿಂದಿರುಗಬೇಕು. ಸಂಗಾತಿಗೇ ಅರ್ಹ ಕೆಲಸ ಸಿಕ್ಕರೆ ಪಾತ್ರ ಅದಲು ಬದಲು ಮಾಡಿಕೊಳ್ಳಲೂ ಅವಕಾಶವಿದೆ.

ಮನೆಯಲ್ಲಿ ಹಿಂಸೆ ನಡೆದರೆ, ಪಾಸ್‌ಪೋರ್ಟ್ ಕಿತ್ತಿಟ್ಟುಕೊಂಡರೆ ಸಹಿಸಿಕೊಂಡು ಇರಬೇಕಿಲ್ಲ. ಅಂಥ ಅವಲಂಬಿತರಿಗೆ ಬ್ರಿಟನ್ ಮೂರು ತಿಂಗಳ ಸ್ವತಂತ್ರ ವಾಸದ ರಿಯಾಯಿತಿ ಕೊಡುತ್ತದೆ. ಭಾರತದಲ್ಲಿ ರಾಷ್ಟ್ರೀಯ ಮಹಿಳಾ ಆಯೋಗದ ಎನ್‌ಆರ್‌ಐ ವಿಭಾಗ ಇಂಥ ದೂರುಗಳನ್ನು ನೋಡುತ್ತದೆ. ಹೊರಡುವ ಹೆಣ್ಣುಮಗಳು ತನ್ನ ಪಾಸ್‌ಪೋರ್ಟ್, ಮದುವೆಯ ಪ್ರಮಾಣಪತ್ರ ಮತ್ತು ಪದವಿಯ ಪ್ರತಿಗಳನ್ನು ತವರಿನಲ್ಲಿ ಒಂದು ಸೆಟ್, ತನ್ನ ಇಮೇಲ್‌ನಲ್ಲಿ ಒಂದು ಸೆಟ್ ಇಟ್ಟುಕೊಳ್ಳಬೇಕು. ತನ್ನ ಹೆಸರಿನಲ್ಲಿ ಸ್ವಂತ ಖಾತೆ ತೆರೆಯಬೇಕು. ಇದು ಅಪನಂಬಿಕೆಯ ಮಾತಲ್ಲ, ಮುಂಜಾಗ್ರತೆ.

ಏಜೆಂಟರ ವಿಷಯದಲ್ಲಿ ಎಚ್ಚರ

1983ರ ವಲಸೆ ಕಾಯ್ದೆಯಂತೆ ವಿದೇಶದ ಕೆಲಸಕ್ಕೆ ಜನರನ್ನು ನೇಮಿಸುವ ಏಜೆಂಟರು ನೋಂದಣಿ ಪಡೆದಿರಬೇಕು. ನೋಂದಾಯಿತರ ಪಟ್ಟಿ ‘ಇ-ಮೈಗ್ರೇಟ್’ ಜಾಲತಾಣದಲ್ಲಿದೆ. ಅವರು ತೆಗೆದುಕೊಳ್ಳಬಹುದಾದ ಸೇವಾಶುಲ್ಕ ಗರಿಷ್ಠ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ. ‘ಸ್ಪಾನ್ಸರ್‌ಶಿಪ್ ಕೊಡಿಸಲು ಹತ್ತು ಲಕ್ಷ’ ಎಂದವರ ಬಳಿ ಮಾತು ಅಲ್ಲಿಗೇ ನಿಲ್ಲಿಸಿ: ಆ ದಾಖಲೆಯ ಶುಲ್ಕ ಉದ್ಯೋಗದಾತರ ಹೊಣೆ, ಅದನ್ನು ಉದ್ಯೋಗಿಯಿಂದ ವಸೂಲು ಮಾಡುವಂತಿಲ್ಲ. ಸುಳ್ಳು ಅನುಭವ ಪತ್ರ, ಸುಳ್ಳು ಬ್ಯಾಂಕ್ ಹೇಳಿಕೆ ಪತ್ತೆಯಾದರೆ ಬ್ರಿಟನ್ 10 ವರ್ಷದವರೆಗೆ ಅರ್ಜಿಗಳನ್ನು ತಿರಸ್ಕರಿಸಬಹುದು. ಆಗ ನಷ್ಟ ಏಜೆಂಟನಿಗಲ್ಲ.

ರಾಜ್ಯದ ಕೌಶಲ್ಯಾಭಿವೃದ್ಧಿ ನಿಗಮದ ಅಡಿ ಇರುವ ಅಂತರರಾಷ್ಟ್ರೀಯ ವಲಸೆ ಕೇಂದ್ರದಲ್ಲಿ ಮೊದಲು ವಿಚಾರಿಸುವುದು ಒಳ್ಳೆಯದು. ಹತ್ತನೆಯ ತರಗತಿ ಪಾಸಾಗದವರ ಪಾಸ್‌ಪೋರ್ಟ್ ‘ಇಸಿಆರ್’ ವರ್ಗದ್ದಾಗಿದ್ದು, ಕೊಲ್ಲಿ ರಾಷ್ಟ್ರಗಳೂ ಸೇರಿ 18 ದೇಶಗಳಿಗೆ ಕೆಲಸಕ್ಕೆ ಹೋಗುವಾಗ ವಲಸೆ ಅನುಮತಿ ಬೇಕೆಂಬುದೂ ನೆನಪಿರಲಿ.

ಕೆಲಸದ ಕ್ರಮ

1. ಇಬ್ಬರ ಪಾಸ್‌ಪೋರ್ಟ್, ಹೆಸರು, ಹುಟ್ಟಿದ ಸ್ಥಳ ಪರಿಶೀಲನೆ.
2. ಶಾಸ್ತ್ರೋಕ್ತ ಮದುವೆ, ನಂತರ ನೋಂದಣಿ. ಎರಡು ಮೂರು ದೃಢೀಕೃತ ಪ್ರತಿ.
3. ಇಂಗ್ಲಿಷ್ ಪರೀಕ್ಷೆ ಅಥವಾ ಪದವಿಯ ದೃಢೀಕರಣ.
4. ನೇಮಕ ಪತ್ರ, ಉದ್ಯೋಗದಾತರ ಪರವಾನಗಿ ಮತ್ತು ಉದ್ಯೋಗ ಸಂಕೇತದ ಪರೀಕ್ಷೆ.
5. ಬ್ಯಾಂಕಿನಲ್ಲಿ 28 ದಿನ ಹಣ, ಟಿಬಿ ತಪಾಸಣೆ.
6. ಇಬ್ಬರ ಅರ್ಜಿ ಒಟ್ಟಿಗೆ, ಬೆಂಗಳೂರಿನಲ್ಲಿ ಬೆರಳಚ್ಚು. ಹೊರದೇಶದ ಅರ್ಜಿಗೆ ಸಾಮಾನ್ಯವಾಗಿ ಮೂರು ವಾರದಲ್ಲಿ ತೀರ್ಮಾನ. ಸಂಗಾತಿ ಆಮೇಲೆ ಅರ್ಜಿ ಹಾಕಿ ಸೇರಿಕೊಳ್ಳಲೂ ಬಹುದು.

ಹೊರಡುವ ಮುನ್ನ ಊರಿನ ವ್ಯವಹಾರ

ಅನಿವಾಸಿಯಾದ ಮೇಲೆ ಸಾಮಾನ್ಯ ಉಳಿತಾಯ ಖಾತೆಯನ್ನು ಎನ್‌ಆರ್‌ಒ ಖಾತೆಯಾಗಿ ಬದಲಿಸಬೇಕು. ಅನಿವಾಸಿ ಭಾರತೀಯರು ಕೃಷಿ ಜಮೀನನ್ನು ಕೊಳ್ಳುವಂತಿಲ್ಲ. ಪಿತ್ರಾರ್ಜಿತವಾಗಿ ಬಂದದ್ದನ್ನು, ಮೊದಲೇ ಇದ್ದದ್ದನ್ನು ಇಟ್ಟುಕೊಳ್ಳಬಹುದು. ಹಿಪ್ಪುನೇರಳೆ ತೋಟವೋ ಮಾವಿನ ತೋಪೋ ಇದ್ದರೆ ಪಹಣಿ, ಖಾತೆ, ಪಾಲು ವಿಭಾಗದ ಕೆಲಸಗಳನ್ನು ಹೊರಡುವ ಮೊದಲೇ ಮುಗಿಸಿ. ಉಳಿದ ಕೆಲಸಕ್ಕೆ ನಂಬಿಕಸ್ಥರಿಗೆ ಸೀಮಿತ ಅಧಿಕಾರ ಪತ್ರ ಮಾಡಿಕೊಡಿ, ಎಲ್ಲ ಅಧಿಕಾರವನ್ನೂ ಒಟ್ಟಿಗೆ ಬರೆದುಕೊಡಬೇಡಿ. ಭಾರತದ ಪೌರತ್ವ ಇರುವವರೆಗೆ ನಮೂನೆ 6ಎ ಮೂಲಕ ಸಾಗರೋತ್ತರ ಮತದಾರರಾಗಿ ಊರಿನಲ್ಲೇ ಹೆಸರು ಉಳಿಸಿಕೊಳ್ಳಬಹುದು.

ವಯಸ್ಸಾದ ತಂದೆ ತಾಯಿಯರಿಗೆ ಈ ವೀಸಾದಲ್ಲಿ ಸ್ಥಳವಿಲ್ಲ ಎಂಬುದನ್ನು ಮೇಲೆ ಹೇಳಿದೆ. ಅವರ ಆರೋಗ್ಯ ವಿಮೆ, ಔಷಧ, ತುರ್ತಿಗೆ ಒದಗುವ ಹತ್ತಿರದ ಸಂಬಂಧಿಕರು ಯಾರು ಎಂಬುದನ್ನು ಟಿಕೆಟ್ ತೆಗೆಯುವ ಮೊದಲೇ ಮನೆಯವರೆಲ್ಲ ಕುಳಿತು ತೀರ್ಮಾನಿಸಿಕೊಳ್ಳುವುದು ಒಳಿತು.